ಒಳಗೆ ಹೋದರೆ ಏನು ಕೇಳ್ತಾರೆ?

ಈ ವಾರದ ಕಾಗದ ಕುದಾಪುರದಿಂದ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ಈ ಊರು ಹೊರಗಿನವರಿಗೆ ಗೊತ್ತಿರುವುದು ಭಾರತೀಯ ವಿಜ್ಞಾನ ಸಂಸ್ಥೆಯಿಂದ. ಸಂಸ್ಥೆಯ ಎರಡನೆಯ ಆವರಣ ಅಲ್ಲೇ, ಸುಮಾರು 1,500 ಎಕರೆಯಲ್ಲಿದೆ. ನಮ್ಮ ರಾಜ್ಯದ ಎಷ್ಟೋ ಶಾಲೆಗಳ ಮೇಷ್ಟರುಗಳು ಅಲ್ಲಿಗೆ ಹೋಗಿ ವಿಜ್ಞಾನದ ತರಬೇತಿ ಪಡೆದು ಬಂದಿದ್ದಾರೆ. ಕಾಗದ ಬರೆಸಿದ ಅಜ್ಜಿಗೆ ಮಾತ್ರ ಅದು ಇಂದಿಗೂ ಕುರಿ ಮೇಯಿಸುತ್ತಿದ್ದ ಕಾವಲು.

ಅಜ್ಜಿ ಹೇಳಿದ್ದನ್ನು ಹಾಗೇ ಕೊಡುತ್ತೇನೆ:

"ನಮ್ಮ ಹುಡುಗ ಎಂಟನೇ ಕ್ಲಾಸು. ಅವನ ಅಪ್ಪ ತೀರಿಕೊಂಡು ವರ್ಷ ಆಯ್ತು. ಅವನ ಅಮ್ಮ ಬೆಂಗಳೂರಲ್ಲಿ ಗಾರ್ಮೆಂಟ್ಸಿಗೆ ಹೋಗ್ತಾಳೆ. ದೀಪಾವಳಿ ಆದ ಮೇಲಿಂದ ಬೆಳಿಗ್ಗೆ ಎದ್ರೆ ಹೊಟ್ಟೆನೋವು ಅಂತಾನೆ, ಸ್ಕೂಲಿಗೆ ಹೋಗಲ್ಲ. ಆಸ್ಪತ್ರೆಗೆ ತೋರಿಸಿದ್ವಿ. ರಕ್ತ, ಮೂತ್ರ, ಸ್ಕ್ಯಾನಿಂಗು ಎಲ್ಲಾ ಆಯ್ತು, ಏನೂ ಇಲ್ಲ ಅಂದ್ರು. ಅಂತ್ರಾನೂ ಕಟ್ಟಿಸಿದೆ. ಈಗ ಅವರ ಮೇಷ್ಟ್ರು, ದುರ್ಗದಲ್ಲಿ ಕೌನ್ಸೆಲಿಂಗ್ ಮಾಡೋರು ಇದಾರೆ, ಒಂದ್ಸಲ ಕರ್ಕೊಂಡು ಹೋಗಿ ಅಂತಾರೆ. ಅಲ್ಲಿ ಏನು ಮಾಡ್ತಾರೆ? ಎಷ್ಟು ದುಡ್ಡು ತಗೋತಾರೆ? ಹುಚ್ಚು ಅಂತ ಬರೆದುಕೊಟ್ರೆ ಮುಂದೆ ಇವನ ಗತಿ ಏನು?"

ಅಕ್ಷರ ದುಂಡಗಿದೆ, ಸಾಲು ಓರೆಯಾಗಿಲ್ಲ. ಯಾರೋ ಶಾಲೆಯ ಮಕ್ಕಳ ಕೈಯಲ್ಲಿ ಬರೆಸಿದ್ದಾರೆ ಎಂದುಕೊಂಡೆ. ಕೊನೆಯಲ್ಲಿ ಅಜ್ಜಿಯ ಹೆಬ್ಬೆಟ್ಟು. ಅದರ ಕೆಳಗೆ, ಇರುವೆ ಗಾತ್ರದ ಅಕ್ಷರದಲ್ಲಿ ಇನ್ನೆರಡು ಸಾಲು: "ಮೇಡಂ, ಅಲ್ಲಿ ಇಂಜೆಕ್ಷನ್ ಹಾಕ್ತಾರಾ? ನಾನು ಹೇಳಿದ್ದನ್ನ ಅಜ್ಜಿಗೆ ಹೇಳ್ತಾರಾ?"

ಕಾಗದ ಬರೆದವನು ಯಾರೆಂದು ಆಗ ಗೊತ್ತಾಯಿತು.

ಇದನ್ನು ಪತ್ರಿಕೆಯಲ್ಲಿ ಹಾಕಬಹುದೇ ಎಂದು ಇಬ್ಬರನ್ನೂ ಫೋನಿನಲ್ಲಿ ಕೇಳಿದೆ. ಹೆಸರು ಬೇಡ ಎಂದ ಹುಡುಗ. ಊರಿನ ಹೆಸರು ಇರಲಿ, ನಮ್ಮ ಕಡೆಯವರೂ ಓದಿ ತಿಳ್ಕೊಳ್ಳಲಿ ಎಂದರು ಅಜ್ಜಿ. ಗುರುತು ಸಿಗುವಂಥ ಒಂದೆರಡು ವಿವರಗಳನ್ನು ಬದಲಿಸಿದ್ದೇನೆ.

ನಾನು ಚಿತ್ರದುರ್ಗದಲ್ಲಿ ಒಂದು ಸಣ್ಣ ಕೋಣೆ ಇಟ್ಟುಕೊಂಡು ಇದೇ ಕೆಲಸ ಮಾಡುವವಳು. ಅಂಕಣಕ್ಕೆ ಬರೆದವರನ್ನು ನನ್ನ ಕೋಣೆಗೆ ಕರೆಯುವುದಿಲ್ಲವೆಂಬುದು ನಾನೇ ಹಾಕಿಕೊಂಡ ಕಟ್ಟಳೆ. ಆದ್ದರಿಂದ ಈ ಅಜ್ಜಿ ಮೊಮ್ಮಗ ಬೇರೆ ಯಾರ ಬಳಿಗೋ ಹೋಗುತ್ತಾರೆ. ಯಾರ ಬಳಿಗೆ ಹೋದರೂ ಬಾಗಿಲ ಒಳಗೆ ನಡೆಯುವುದು ಹೆಚ್ಚುಕಡಿಮೆ ಒಂದೇ.

ಮೊದಲು ಹುಡುಗನ ಪ್ರಶ್ನೆ. ಅದೇ ಚಿಕ್ಕದು, ಅದೇ ಮುಖ್ಯವಾದದ್ದು ಕೂಡ.

ಮಗಾ, ಇಂಜೆಕ್ಷನ್ ಇಲ್ಲ. ಆ ಕೋಣೆಯಲ್ಲಿ ಸಿರಿಂಜೇ ಇರುವುದಿಲ್ಲ, ಸ್ಟೆತಾಸ್ಕೋಪೂ ಇರುವುದಿಲ್ಲ. ಒಂದು ಮೇಜು, ಎರಡು ಮೂರು ಕುರ್ಚಿ, ಒಂದು ನೀರಿನ ಬಾಟಲಿ, ಒಂದು ಗಡಿಯಾರ. ಮಕ್ಕಳು ಬರುವ ಕೋಣೆಯಾದರೆ ಬಣ್ಣದ ಪೆನ್ಸಿಲ್ಲು, ಬಿಳಿ ಹಾಳೆ, ಜೇಡಿಮಣ್ಣು, ಚೌಕಾಬಾರದ ಮಣೆ ಇಂಥವೂ ಇರುತ್ತವೆ. ಅವರು ನಿನ್ನ ಹೆಸರು ಕೇಳುತ್ತಾರೆ, ಏನಂತ ಕರೆದರೆ ನಿನಗೆ ಇಷ್ಟ ಎಂದು ಕೇಳುತ್ತಾರೆ. ನಿದ್ದೆ ಹೇಗೆ ಬರುತ್ತದೆ, ಊಟಕ್ಕೆ ಏನು ಇಷ್ಟ, ಯಾರ ಜೊತೆ ಆಡುತ್ತೀಯ, ಯಾವ ಪೀರಿಯಡ್ ಬೋರು. ಆಮೇಲೆ, ಇಲ್ಲಿಗೆ ಬರಲು ನಿನಗೇ ಮನಸ್ಸಿತ್ತೋ ಅಥವಾ ದೊಡ್ಡವರು ಎಳೆದುಕೊಂಡು ಬಂದರೋ ಎಂದೂ ಕೇಳಬಹುದು. ಎಳೆದುಕೊಂಡು ಬಂದರು ಎಂದು ಧಾರಾಳವಾಗಿ ಹೇಳು, ಅವರಿಗೆ ಬೇಜಾರಾಗುವುದಿಲ್ಲ. ನನ್ನ ಬಳಿ ಬರುವ ಮಕ್ಕಳಲ್ಲಿ ಹೆಚ್ಚಿನವರು ಹಾಗೆ ಬಂದವರೇ.

ಉತ್ತರ ಹೇಳಲು ಇಷ್ಟವಿಲ್ಲದಿದ್ದರೆ "ಇದು ಬೇಡ" ಎನ್ನಬಹುದು. ಸುಮ್ಮನೆ ಕೂತಿರಬಹುದು. ಇದು ಪರೀಕ್ಷೆಯಲ್ಲ, ಮಾರ್ಕ್ಸ್ ಇಲ್ಲ. ನನ್ನ ಕೋಣೆಯಲ್ಲಿ ಒಬ್ಬ ಹುಡುಗ ಮೊದಲ ದಿನ ಮುಕ್ಕಾಲು ಗಂಟೆ ಒಂದೇ ಒಂದು ಟ್ರ್ಯಾಕ್ಟರ್ ಚಿತ್ರ ಬರೆದು ಹೋದ. ಮಾತು ನಾಲ್ಕೋ ಐದೋ. ಎರಡನೆಯ ವಾರ ಅದಕ್ಕೆ ಟ್ರೈಲರ್ ಬರೆದ. ಚಿತ್ರ ಬರೆಯಿರಿ ಎಂದರೆ ಮಕ್ಕಳಿಗೊಂದು ಅನುಮಾನ ಬರುತ್ತದೆ, ಇದನ್ನು ನೋಡಿ ನನ್ನ ಮನಸ್ಸಿನಲ್ಲಿ ಇರುವುದನ್ನೆಲ್ಲ ಕಂಡುಹಿಡಿದುಬಿಡುತ್ತಾರೇನೋ ಎಂದು. ಹಾಗೆ ಕಂಡುಹಿಡಿಯುವ ವಿದ್ಯೆ ಯಾರಿಗೂ ಇಲ್ಲ, ಕೈ ನೋಡಿ ಭವಿಷ್ಯ ಹೇಳುವಂಥದ್ದಲ್ಲ ಇದು. ಕೈಗೆ ಕೆಲಸ ಇದ್ದರೆ ಬಾಯಿಗೆ ಸಲೀಸು, ಅಷ್ಟೇ. ಶೇಂಗಾ ಸುಲಿಯುತ್ತಾ ಕೂತಾಗ ಮನೆಯವರೆಲ್ಲ ಎಷ್ಟು ಮಾತಾಡುತ್ತಾರೆ ನೋಡು.

ಇನ್ನು ನಿನ್ನ ಎರಡನೆಯ ಪ್ರಶ್ನೆ. ನೀನು ಹೇಳಿದ್ದನ್ನು ಅಜ್ಜಿಗೆ ಹೇಳುತ್ತಾರಾ?

ಇಲ್ಲ. ನೀನು ಹೇಳಿದ್ದು ನಿನ್ನದು. ಅಜ್ಜಿಗೆ, ಮೇಷ್ಟರಿಗೆ, ಬೆಂಗಳೂರಿನಲ್ಲಿರುವ ಅಮ್ಮನಿಗೆ ಏನನ್ನಾದರೂ ತಿಳಿಸಬೇಕು ಎನ್ನಿಸಿದರೆ ಮೊದಲು ನಿನ್ನನ್ನು ಕೇಳುತ್ತಾರೆ: "ಇದನ್ನು ಅಜ್ಜಿಗೆ ಹೇಳೋಣವಾ? ನೀನೇ ಹೇಳ್ತೀಯಾ, ನಾನು ಹೇಳಲಾ?" ಇದು ಅವರ ಒಳ್ಳೆಯತನವಷ್ಟೇ ಅಲ್ಲ, ನಮ್ಮ ಕಸುಬಿನ ಮೊದಲ ನಿಯಮ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೂ ಚಿಕಿತ್ಸೆಗೆ ಬಂದವರ ವಿಷಯವನ್ನು ಗುಟ್ಟಾಗಿಡಬೇಕೆಂದು ಹೇಳುತ್ತದೆ.

ಗುಟ್ಟು ಇಡಲಾಗದ ಸಂಗತಿಗಳೂ ಕೆಲವು ಇವೆ. ಅವನ್ನು ಈಗಲೇ ಹೇಳಿಬಿಡುವುದು ನ್ಯಾಯ. ನಿನ್ನ ಜೀವಕ್ಕೆ ನೀನೇ ಏನಾದರೂ ಮಾಡಿಕೊಳ್ಳುವ ಯೋಚನೆ ಇದೆ ಎಂದು ಗೊತ್ತಾದರೆ ಅವರು ಮನೆಯವರಿಗೆ ತಿಳಿಸಲೇಬೇಕು. ಬೇರೆ ಯಾರ ಜೀವಕ್ಕಾದರೂ ಅಪಾಯವಿದೆ ಎಂದಾದರೂ ಹಾಗೆಯೇ. ಯಾರಾದರೂ ಮುಟ್ಟಬಾರದ ರೀತಿಯಲ್ಲಿ ಮಗುವನ್ನು ಮುಟ್ಟಿದ್ದಾರೆ ಎಂದು ತಿಳಿದರೆ, 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಅದನ್ನು ಪೊಲೀಸರಿಗೆ ತಿಳಿಸುವುದು ಗೊತ್ತಾದವರೆಲ್ಲರ ಕರ್ತವ್ಯ. ಅಂಥ ಹೊತ್ತಿನಲ್ಲೂ ನಿನಗೆ ಹೇಳದೆ, ನಿನ್ನ ಬೆನ್ನ ಹಿಂದೆ ಏನನ್ನೂ ಮಾಡಬಾರದು. ಒಳ್ಳೆಯ ಆಪ್ತಸಮಾಲೋಚಕರು ಈ ಮಾತನ್ನು ಮೊದಲ ದಿನವೇ ಹೇಳುತ್ತಾರೆ. ಹೇಳದಿದ್ದರೆ ನೀನೇ ಕೇಳು. ನನಗೆ ಬರೆದೆಯಲ್ಲ, ಅದೇ ಮಾತನ್ನು ಅವರಿಗೂ ಕೇಳು.

ಈಗ ಅಜ್ಜಿಯ ಕಡೆಗೆ.

ಅಜ್ಜಿ, ಹುಚ್ಚು ಎಂದು ಯಾರೂ ಬರೆದುಕೊಡುವುದಿಲ್ಲ. ಹಾಗೊಂದು ಕಾಗದವೇ ಇಲ್ಲ. ಕೌನ್ಸೆಲಿಂಗಿಗೆ ಹೋದದ್ದು ಶಾಲೆಯ ಟೀಸಿಯಲ್ಲಿ ಬರುವುದಿಲ್ಲ, ಮಾರ್ಕ್ಸ್ ಕಾರ್ಡಿನಲ್ಲೂ ಬರುವುದಿಲ್ಲ. ಕಾಲು ಉಳುಕಿದವನು ಕಟ್ಟು ಕಟ್ಟಿಸಿಕೊಂಡು ಬಂದರೆ ಊರಿನವರು ಅವನನ್ನು ಕುಂಟ ಎನ್ನುತ್ತಾರೆಯೇ?

ಹೊಟ್ಟೆನೋವು ಸುಳ್ಳೋ ನಿಜವೋ ಎಂಬುದು ನೀವು ಕೇಳದಿದ್ದರೂ ನಿಮ್ಮ ಮನಸ್ಸಿನಲ್ಲಿ ಇದ್ದೇ ಇರುತ್ತದೆ. ಸ್ಕ್ಯಾನಿಂಗಿನಲ್ಲಿ ಏನೂ ಕಾಣಲಿಲ್ಲ ಎಂದರೆ ನೋವು ಇಲ್ಲವೆಂದಲ್ಲ. ಹೊಟ್ಟೆಗೂ ತಲೆಗೂ ನಡುವೆ ನರಗಳ ದಾರಿ ಇದೆ. ಹೆದರಿಕೆ, ದುಃಖ, ಚಿಂತೆ ಬಂದಾಗ ಮಿದುಳು ಮೈಗೆಲ್ಲ ಎಚ್ಚರಿಕೆ ಕೊಡುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಅಂಗೈ ಬೆವರುತ್ತದೆ, ಕರುಳು ಹಿಂಡುತ್ತದೆ. ಪರೀಕ್ಷೆಯ ದಿನ ಬೆಳಿಗ್ಗೆ ನಾಲ್ಕು ಸಲ ಕಕ್ಕಸಿಗೆ ಓಡುವ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಹಿರಿಯರಿಗೆ ಇದು ಯಾವಾಗಲೋ ಗೊತ್ತಿತ್ತು. ಕನ್ನಡದಲ್ಲಿ ಸಂಕಟ ಆಗುವುದು ಹೊಟ್ಟೆಯಲ್ಲೇ, ಚುರ್ ಎನ್ನುವುದು ಕರುಳೇ, ಕಿಚ್ಚು ಹತ್ತುವುದೂ ಹೊಟ್ಟೆಗೇ. ತಪ್ಪನ್ನು ಸಹ "ಹೊಟ್ಟೆಗೆ ಹಾಕ್ಕೊಳ್ಳಿ" ಎನ್ನುತ್ತೇವೆ. ಮನಸ್ಸಿನ ಭಾರವನ್ನೆಲ್ಲ ಹೊಟ್ಟೆಗೆ ಹೊರಿಸುವ ಭಾಷೆ ನಮ್ಮದು. ಮಕ್ಕಳ ಮೈಯೂ ಅದನ್ನೇ ಮಾಡುತ್ತದೆ.

ಶಾಲೆ ಇರುವ ದಿನ ಬೆಳಿಗ್ಗೆ ನೋವು, ಹತ್ತು ಗಂಟೆ ಕಳೆದರೆ ಕಡಿಮೆ, ಭಾನುವಾರ ಇಲ್ಲವೇ ಇಲ್ಲ. ಹೀಗಿದೆಯೇ ಎಂದು ಗಮನಿಸಿ. ಒಂದು ಹಾಳೆಯಲ್ಲಿ ಹದಿನೈದು ದಿನ ಗುರುತು ಹಾಕಿಕೊಂಡು ಹೋದರೆ ಅಲ್ಲಿ ತುಂಬಾ ಉಪಯೋಗವಾಗುತ್ತದೆ. ಹೀಗಿದ್ದ ಮಾತ್ರಕ್ಕೆ ಅವನು ನಾಟಕ ಆಡುತ್ತಾನೆ ಎನ್ನಬೇಡಿ. ನಾಟಕ ಆಡುವವನು ಭಾನುವಾರವೂ ಜಾಗ್ರತೆಯಿಂದ ನರಳುತ್ತಿದ್ದ. ಆದರೆ ಇವನಿಗೆ ಆಗುತ್ತಿರುವುದು ಇದೇ ಎಂದು ನಾನು ಇಲ್ಲಿಂದ ಹೇಳಲಾರೆ. ಕಾಗದ ನೋಡಿ ಕಾಯಿಲೆ ಹೇಳುವುದು ತಪ್ಪು. ನೋವಿನ ಜೊತೆಗೆ ಜ್ವರ, ವಾಂತಿ, ತೂಕ ಇಳಿಯುವುದು, ರಾತ್ರಿ ನಿದ್ದೆಯಿಂದ ಎಬ್ಬಿಸುವಂಥ ನೋವು ಇದ್ದರೆ ಡಾಕ್ಟರಿಗೆ ಮತ್ತೊಮ್ಮೆ ತೋರಿಸಿ.

ಯಾರ ಬಳಿ ಹೋಗುತ್ತಿದ್ದೀರಿ ಎಂಬುದನ್ನು ಮೊದಲೇ ತಿಳಿದುಕೊಳ್ಳಿ, ಏಕೆಂದರೆ ಬೋರ್ಡುಗಳಲ್ಲಿ ಹೆಸರು ಹಲವು. ಮನೋವೈದ್ಯರು ಎಂದರೆ ಎಂಬಿಬಿಎಸ್ ಓದಿ, ಆಮೇಲೆ ಮನಸ್ಸಿನ ಕಾಯಿಲೆಗಳ ಬಗ್ಗೆಯೇ ಓದಿದ ಡಾಕ್ಟರು. ಮಾತ್ರೆ ಬರೆಯುವವರು ಅವರು. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ಪರೀಕ್ಷೆಗಳನ್ನು ಮಾಡುತ್ತಾರೆ, ಮಾತಿನ ಚಿಕಿತ್ಸೆ ಕೊಡುತ್ತಾರೆ. ಇವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡಿರಬೇಕು. ಆಪ್ತಸಮಾಲೋಚಕರು ಮನಶ್ಶಾಸ್ತ್ರವನ್ನೋ ಸಮಾಜಕಾರ್ಯವನ್ನೋ ಓದಿ ತರಬೇತಿ ಪಡೆದವರು. ಮಾತ್ರೆ ಕೊಡುವುದಿಲ್ಲ, ಕೊಡಕೂಡದು. ಮಾತ್ರೆ ಬೇಕೆನ್ನಿಸಿದರೆ ಮನೋವೈದ್ಯರ ಬಳಿಗೆ ಕಳಿಸುತ್ತಾರೆ. ಕಳಿಸಿದರೆ ಗಾಬರಿಯಾಗಬೇಡಿ. "ನೀವು ಏನು ಓದಿದ್ದೀರಿ, ಮಕ್ಕಳ ಜೊತೆ ಕೆಲಸ ಮಾಡಿ ಎಷ್ಟು ವರ್ಷ ಆಯ್ತು?" ಎಂದು ಕೇಳುವುದರಲ್ಲಿ ಅಗೌರವವೇನೂ ಇಲ್ಲ. ಕುರಿ ಕೊಳ್ಳುವಾಗ ಹಲ್ಲು ನೋಡುವ ನೀವು ಇಲ್ಲಿ ಏಕೆ ಹಿಂಜರಿಯಬೇಕು?

ದುಡ್ಡಿನ ಮಾತು. ಖಾಸಗಿ ಕೋಣೆ ಎಂದ ಮೇಲೆ ಫೀ ಇರುತ್ತದೆ, ಒಬ್ಬೊಬ್ಬರದು ಒಂದೊಂದು. ಫೋನ್ ಮಾಡಿ ಸಮಯ ಗೊತ್ತು ಮಾಡಿಕೊಳ್ಳುವಾಗಲೇ ಕೇಳಿ: ಒಂದು ಸಲಕ್ಕೆ ಎಷ್ಟು, ಎಷ್ಟು ಹೊತ್ತು, ಬರಲಾಗದಿದ್ದರೆ ಏನು ಮಾಡುತ್ತೀರಿ, ಕಡಿಮೆ ಮಾಡುತ್ತೀರಾ. ಕಡಿಮೆ ಮಾಡುವವರು ಇದ್ದಾರೆ, ಆದರೆ ಕೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಸಾಮಾನ್ಯವಾಗಿ ಒಂದು ಸಲಕ್ಕೆ ಮುಕ್ಕಾಲರಿಂದ ಒಂದು ಗಂಟೆ, ಮೊದಮೊದಲು ವಾರಕ್ಕೊಮ್ಮೆ. ಎಷ್ಟು ವಾರ ಎಂದು ಮೊದಲ ದಿನವೇ ಹೇಳುವುದು ಕಷ್ಟ. ನಾಲ್ಕೈದು ಸಲ ಆದ ಮೇಲೆ ಎಲ್ಲಿಗೆ ಬಂದಿದ್ದೇವೆ ಎಂದು ಒಟ್ಟಿಗೆ ಕೂತು ನೋಡೋಣ ಎನ್ನುವವರು ಸಿಕ್ಕರೆ ಸಂತೋಷ. ಒಂದೇ ಸಲಕ್ಕೆ ಪೂರ್ತಿ ವಾಸಿ ಮಾಡುತ್ತೇನೆ ಎನ್ನುವವರು, ಇಪ್ಪತ್ತು ಸಲದ ದುಡ್ಡನ್ನು ಮೊದಲೇ ಕಟ್ಟಿಸಿಕೊಳ್ಳುವವರು, ಹುಡುಗನನ್ನು ಗದರಿಸುವವರು, ಬೇರೆ ಮನೆಯವರ ಕಥೆಯನ್ನು ನಿಮ್ಮ ಮುಂದೆ ಹೇಳುವವರು ಸಿಕ್ಕರೆ ನಮಸ್ಕಾರ ಹಾಕಿ ಎದ್ದು ಬನ್ನಿ. ನಿಮ್ಮ ಕಥೆಯನ್ನೂ ಅವರು ಮುಂದಿನವರಿಗೆ ಹೇಳುತ್ತಾರೆ.

ಬಸ್ ಚಾರ್ಜು, ಫೀ, ಒಂದು ದಿನದ ಕೂಲಿ ಇವೆಲ್ಲ ಸೇರಿದರೆ ಕೈಗೆಟುಕದು ಎಂದಾದರೆ ಖಾಸಗಿಯೇ ಆಗಬೇಕೆಂದಿಲ್ಲ. ಮನಸ್ಸಿನ ಚಿಕಿತ್ಸೆಯನ್ನು ಊರಿನ ಹತ್ತಿರಕ್ಕೇ ತರಬೇಕೆಂಬ ಯೋಚನೆ ನಿಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ ಕಣ್ಣುಬಿಟ್ಟಿತು ಎಂದು ಎಷ್ಟು ಜನಕ್ಕೆ ಗೊತ್ತು? 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನವರು ಅಲ್ಲಿನ ಪ್ರಾಥಮಿಕ ಆರೋಗ್ಯ ಕೇಂದ್ರಗಳ ಡಾಕ್ಟರುಗಳಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮನೋರೋಗಕ್ಕೆ ಊರಿನಲ್ಲೇ ಮದ್ದು ಸಿಗುವಂತೆ ಮಾಡಿ ನೋಡಿದರು. ಆ ಬಳ್ಳಾರಿ ಮಾದರಿಯನ್ನೇ ಇಟ್ಟುಕೊಂಡು ಕೇಂದ್ರ ಸರ್ಕಾರ 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರು ಮಾಡಿತು. ಮೊಳಕಾಲ್ಮೂರಿನ ಗಡಿಯಾಚೆ ಹುಟ್ಟಿದ್ದು ಇಡೀ ದೇಶಕ್ಕೆ ಹೋಯಿತು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರ ವಿಭಾಗವನ್ನು ವಿಚಾರಿಸಿ. ಮನೋಚೈತನ್ಯ ಎಂಬ ಯೋಜನೆಯಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುವ ಏರ್ಪಾಡೂ ಇದೆ. ನಿಮ್ಮ ತಾಲ್ಲೂಕಿಗೆ ಯಾವ ವಾರ ಬರುತ್ತಾರೆ ಎಂದು ಆಶಾ ಕಾರ್ಯಕರ್ತೆಯ ಹತ್ತಿರ ಕೇಳಿಸಿ. ಫೋನಿನಲ್ಲೇ ಮಾತಾಡಬೇಕೆಂದರೆ ಟೆಲಿ ಮನಸ್ ಇದೆ, ಸಂಖ್ಯೆ 14416. ಇದು ಶುರುವಾದದ್ದು 2022ರ ಅಕ್ಟೋಬರ್ 10ರಂದು. ಹಗಲು ರಾತ್ರಿ, ಪುಕ್ಕಟೆ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೇ, ನಿಮಗೆ ಯಾರಾದರೂ ತೊಂದರೆ ಕೊಡುತ್ತಿದ್ದರೆ 1098 ನಿಮ್ಮದೇ ನಂಬರು. ದೊಡ್ಡವರನ್ನು ಕೇಳದೆಯೂ ಒತ್ತಬಹುದು.

ಅಂತ್ರ ಕಟ್ಟಿಸಿದ್ದಕ್ಕೆ ಬೈಯುತ್ತೇನೆ ಎಂದು ಅಜ್ಜಿ ಫೋನಿನಲ್ಲಿ ಹೆದರಿಕೊಂಡಿದ್ದರು. ಬೈಯುವುದಿಲ್ಲ. ಕುದಾಪುರದವರು ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗೆ ಹರಕೆ ಹೊರದೆ ಇರುತ್ತಾರೆಯೇ? ಅಂತ್ರ ಅವನ ತೋಳಿನಲ್ಲಿ ಇರಲಿ. ಅದನ್ನು ಬಿಚ್ಚಿ ಬಾ ಎನ್ನುವ ಆಪ್ತಸಮಾಲೋಚಕರಿಗೆ ತಾಳ್ಮೆ ಕಡಿಮೆ ಎಂದೇ ನನ್ನ ಅಭಿಪ್ರಾಯ. ದೇವರ ಹೆಸರಿನಲ್ಲಿ ಹೊಡೆಯುವುದು, ಹೊಗೆ ಹಾಕುವುದು, ಉಪವಾಸ ಕೆಡವುವುದು ಮಾತ್ರ ಬೇಡವೇ ಬೇಡ.

ಮೊದಲ ದಿನ ಬಾಗಿಲ ಹೊರಗೆ ಒಂದು ಫಾರಂ ಕೊಡುತ್ತಾರೆ. ಹೆಸರು, ವಯಸ್ಸು, ಹಿಂದೆ ಆದ ಕಾಯಿಲೆ, ಈಗ ತೆಗೆದುಕೊಳ್ಳುತ್ತಿರುವ ಮಾತ್ರೆ, ಮನೆಯಲ್ಲಿ ಯಾರ್ಯಾರು ಇದ್ದಾರೆ. ಓದು ಬಾರದಿದ್ದರೆ ಅವರೇ ಓದಿ ಹೇಳಿ ತುಂಬಿಕೊಳ್ಳುತ್ತಾರೆ. ಇನ್ನೊಂದು ಒಪ್ಪಿಗೆ ಪತ್ರ. ಹದಿನೆಂಟು ತುಂಬದ ಮಕ್ಕಳಿಗೆ ತಂದೆ ತಾಯಿಯ ಅಥವಾ ಪೋಷಕರ ಒಪ್ಪಿಗೆ ಬೇಕು. ಅವನ ಅಮ್ಮ ಬೆಂಗಳೂರಿನಲ್ಲಿ ಇರುವುದರಿಂದ ಅವರಿಗೆ ಮೊದಲೇ ಹೇಳಿ ಇಟ್ಟಿರಿ. ಫೋನಿನಲ್ಲಿ ಮಾತಾಡಿಸಬೇಕಾಗಬಹುದು. ಅಮ್ಮನಿಗೆ ಗೊತ್ತಾಗದ ಹಾಗೆ ಕರೆದುಕೊಂಡು ಹೋಗುವುದು ಬೇಡ. ಆಸ್ಪತ್ರೆಯ ಹಳೆ ಚೀಟಿಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಳ್ಳಿ.

ಒಳಗೆ ಮೊದಲು ಇಬ್ಬರನ್ನೂ ಕೂರಿಸುತ್ತಾರೆ. ಸ್ವಲ್ಪ ಹೊತ್ತಿಗೆ, "ಅಜ್ಜಿ, ನೀವು ಹೊರಗೆ ಕೂತಿರಿ" ಎನ್ನುತ್ತಾರೆ.

ಹಿರಿಯರಿಗೆ ಅತ್ಯಂತ ಕಷ್ಟವಾಗುವ ಗಳಿಗೆ ಇದೇ. ಎಷ್ಟೋ ಅಜ್ಜ ಅಜ್ಜಿಯರ ಮುಖ ಆಗ ಸಣ್ಣಗಾಗುವುದನ್ನು ನೋಡಿದ್ದೇನೆ. ಹೆತ್ತವರಿಗಿಂತ ಹೆಚ್ಚಾಗಿ ಸಾಕಿದವರು ನಾವು, ನಮಗೆ ಹೇಳದ್ದನ್ನು ಈ ಯಾರೋ ಹೆಂಗಸಿಗೆ ಹೇಳುತ್ತಾನಾ ಎಂಬ ಸಂಕಟ ಅದು. ನಿಮ್ಮನ್ನು ದೂರ ಇಡಲು ಹೊರಗೆ ಕೂರಿಸುವುದಲ್ಲ. ನಮ್ಮ ದೇಶದ ಮನೋವೈದ್ಯರು ಮನೆಯವರ ಬೆಲೆ ತಿಳಿದವರು. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ವಿದ್ಯಾಸಾಗರ್ ಎಂಬ ವೈದ್ಯರು ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಉಳಿಸಿಕೊಂಡರು. ಮನೆಯವರು ಜೊತೆಯಲ್ಲಿದ್ದ ರೋಗಿಗಳು ಬೇಗ ಚೇತರಿಸಿಕೊಂಡು ಊರಿಗೆ ಹೋದರು. ನೀವು ಬೇಕೇ ಬೇಕು, ಅಜ್ಜಿ. ಆದರೆ ಆ ಅರ್ಧ ಗಂಟೆ ಬೇಕಾಗಿರುವುದು ಬಾಗಿಲ ಹೊರಗೆ.

ಯಾಕೆ ಹೊರಗೆ ಎಂಬುದಕ್ಕೆ ನಿಮ್ಮ ಕಾಗದದಿಂದಲೇ ಒಂದು ಮಾತು ಎತ್ತಿ ತೋರಿಸುತ್ತೇನೆ. "ಅವನ ಅಪ್ಪ ತೀರಿಕೊಂಡು ವರ್ಷ ಆಯ್ತು" ಎಂದು ಬರೆಸಿದ್ದೀರಿ. ಅವನ ಅಪ್ಪ ಎಂದರೆ ನಿಮ್ಮ ಮಗ. ಇಡೀ ಕಾಗದದಲ್ಲಿ "ನನ್ನ ಮಗ" ಎಂಬ ಮಾತು ಎಲ್ಲೂ ಇಲ್ಲ. ಯಾಕಿಲ್ಲ ಎಂದು ಫೋನಿನಲ್ಲಿ ಕೇಳಿದಾಗ ನೀವು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಡುಗನ ಮುಂದೆ ನಾನು ಅಳಲ್ಲ ಕಣಮ್ಮಾ, ಅವನು ಹೆದರ್ಕೊಂಡುಬಿಡ್ತಾನೆ" ಎಂದಿರಿ. ಆಮೇಲೆ ಅವನ ಕೈಗೆ ಫೋನ್ ಕೊಟ್ಟಿರಿ. ಅವನು ಹೊರಗೆ ಕಟ್ಟೆಯ ಹತ್ತಿರ ಹೋಗಿ ಮೆಲ್ಲಗೆ ಏನು ಹೇಳಿದ ಗೊತ್ತೇ? ಇದನ್ನು ಬರೆಯಲಾ ಎಂದು ಕೇಳಿ, ಹೂಂ ಎನ್ನಿಸಿಕೊಂಡೇ ಬರೆಯುತ್ತಿದ್ದೇನೆ. "ಅಪ್ಪನ ವಿಷಯ ತೆಗೆದರೆ ಅಜ್ಜಿಗೆ ಬೇಜಾರಾಗುತ್ತೆ, ಅದಕ್ಕೆ ನಾನು ತೆಗೆಯಲ್ಲ" ಎಂದ.

ಒಂದೇ ಮನೆಯಲ್ಲಿ ಇಬ್ಬರು, ಒಬ್ಬರಿಗೆ ಕಾಣದಂತೆ ಇನ್ನೊಬ್ಬರು ಒಂದೇ ಗಂಟನ್ನು ಬಚ್ಚಿಟ್ಟುಕೊಂಡಿದ್ದೀರಿ. ಹೊಟ್ಟೆನೋವಿಗೆ ಇದೇ ಕಾರಣ ಎನ್ನುತ್ತಿಲ್ಲ. ಶಾಲೆಯಲ್ಲಿ ಏನೋ ನಡೆದಿರಬಹುದು, ಅಮ್ಮ ದೂರ ಹೋದದ್ದು ಇರಬಹುದು, ಅಪ್ಪನ ಹಾಗೆ ಅಜ್ಜಿಯೂ ಹೋಗಿಬಿಟ್ಟರೆ ಎಂದು ನಿಮ್ಮನ್ನು ಬಿಟ್ಟು ಹೋಗಲು ಭಯವೂ ಇರಬಹುದು. ಅದನ್ನು ಅವನ ಎದುರು ಕೂತವರು ನಿಧಾನವಾಗಿ ತಿಳಿಯಬೇಕು. ಅಜ್ಜಿ ಪಕ್ಕದಲ್ಲಿ ಕೂತಿದ್ದರೆ, ಅವರಿಗೆ ಬೇಜಾರಾಗುತ್ತದೆಂದು ಅವನು ಬಾಯಿ ಬಿಡುವುದಿಲ್ಲ. ಹೊರಗೆ ಕೂರಿಸುವುದು ಇದಕ್ಕೆ.

ಒಳಗಿನಿಂದ ಅಳು ಕೇಳಿಸಬಹುದು. ಬಾಗಿಲು ತಟ್ಟಬೇಡಿ. ಹೊರಗೆ ಬಂದಾಗ ಕಣ್ಣು ಕೆಂಪಗಿದ್ದರೂ "ಏನಂದ್ರು? ಏನು ಹೇಳಿದೆ?" ಎಂದು ಕೇಳಬೇಡಿ. ಬಸ್ ಸ್ಟ್ಯಾಂಡಿನವರೆಗೂ ಕೇಳಬೇಡಿ. ಮನೆಗೆ ಬಂದ ಮೇಲೂ ಬೇಡ. "ಹಸಿವಾಯ್ತಾ?" ಎಂದು ಕೇಳಿ, ಮಂಡಕ್ಕಿ ಮೆಣಸಿನಕಾಯಿ ಕೊಡಿಸಿ. ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಹೇಳದಿದ್ದರೆ ಬಿಡಿ. ಮೊದಲ ಒಂದೆರಡು ವಾರ ಮಂಕಾಗಿಯೋ ಸಿಡಿಸಿಡಿಯಾಗಿಯೋ ಇರಬಹುದು. ಅಲ್ಲಿಗೆ ಹೋಗಿ ಇನ್ನೂ ಕೆಟ್ಟುಹೋದ ಎಂದು ನಿಲ್ಲಿಸಿಬಿಡಬೇಡಿ, ಅಲ್ಲಿಯವರಿಗೇ ಹೇಳಿ. ಮೂರ್ನಾಲ್ಕು ಸಲ ಹೋದರೂ ಅವನಿಗೆ ಅವರೊಂದಿಗೆ ಹೊಂದಿಕೆಯಾಗಲಿಲ್ಲ ಎಂದರೆ ಬೇರೆಯವರನ್ನು ನೋಡಬಹುದು. ಅದರಿಂದ ನಮ್ಮಲ್ಲಿ ಯಾರೂ ಮುನಿಸಿಕೊಳ್ಳುವುದಿಲ್ಲ (ಮುನಿಸಿಕೊಂಡರೆ ಅದು ನಮ್ಮ ಕಾಯಿಲೆ).

ಮನೆಗೆ ಸಣ್ಣಪುಟ್ಟ ಕೆಲಸ ಕೊಟ್ಟು ಕಳಿಸುತ್ತಾರೆ. ರಾತ್ರಿ ಎಷ್ಟು ಗಂಟೆಗೆ ಮಲಗಿದ ಎಂದು ಬರೆದಿಡುವುದು, ಹೊಟ್ಟೆ ಹಿಂಡಿದಾಗ ಉಸಿರನ್ನು ನಿಧಾನವಾಗಿ ಎಳೆದು ಇನ್ನೂ ನಿಧಾನವಾಗಿ ಬಿಡುವುದು, ಮೊದಲ ವಾರ ಶಾಲೆಗೆ ಎರಡು ಪೀರಿಯಡ್ಡು, ಆಮೇಲೆ ಮಧ್ಯಾಹ್ನದವರೆಗೆ, ಹೀಗೆ. ಶಾಲೆ ಬಿಟ್ಟಷ್ಟು ದಿನವೂ ಮತ್ತೆ ಹೋಗುವುದು ಕಷ್ಟವಾಗುತ್ತಾ ಹೋಗುವುದರಿಂದ ಇದಕ್ಕೆ ಮೇಷ್ಟರ ಸಹಾಯ ಬೇಕು. ನಿಮ್ಮ ಮೇಷ್ಟರು ಬೆತ್ತ ಹಿಡಿಯದೆ, ಸೋಮಾರಿ ಎನ್ನದೆ, ದುರ್ಗಕ್ಕೆ ಕರೆದುಕೊಂಡು ಹೋಗಿ ಎಂದರಲ್ಲ, ಅಲ್ಲಿಗೇ ಅರ್ಧ ದಾರಿ ಆಗಿದೆ. ಆದರೆ ಶಾಲೆಗೆ ಏನೇನು ತಿಳಿಸಬೇಕು, ಎಷ್ಟು ತಿಳಿಸಬೇಕು ಎಂಬುದನ್ನು ಹುಡುಗನನ್ನು ಕೇಳಿಯೇ ತೀರ್ಮಾನಿಸಬೇಕು.

ಇನ್ನೊಂದು ಉಳಿಯಿತು. ಮೂರನೆಯದೋ ನಾಲ್ಕನೆಯದೋ ವಾರ ಅವರು ಹುಡುಗನನ್ನು ಹೊರಗೆ ಕೂರಿಸಿ ನಿಮ್ಮನ್ನು ಒಳಗೆ ಕರೆಯಬಹುದು, ಅಜ್ಜಿ. ಮೊಮ್ಮಗನ ಬಗ್ಗೆ ಕೇಳುತ್ತಾರೆ ಎಂದುಕೊಂಡು ಹೋಗಿರುತ್ತೀರಿ. ಅವರು ನಿಮ್ಮ ಮಗನ ಹೆಸರು ಏನು, ಚಿಕ್ಕವನಿದ್ದಾಗ ಹೇಗಿದ್ದ ಎಂದು ಕೇಳಬಹುದು. ಸೆರಗಿನ ತುದಿಯಲ್ಲಿ ಬಾಯಿ ಮುಚ್ಚಿಕೊಳ್ಳಬೇಡಿ. ನಾನು ಹುಡುಗನಿಗೆ ಹೇಳಿದ ಮಾತು ನಿಮಗೂ ಸೇರುತ್ತದೆ. ಅಲ್ಲಿ ನೀವು ಹೇಳಿದ್ದನ್ನು ಅವನಿಗೆ ಹೇಳುವುದಿಲ್ಲ. ನೀವೇ ಹೇಳಬೇಕು ಎನ್ನಿಸಿದ ದಿನ, ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಾ ಕೂತು ಹೇಳಬಹುದು.